ಅಪ್ಪನನ್ನು ಓದುವ ಮೊದಲು ಅಜ್ಜನನ್ನು ಓದಿ

ಈ ಸಲದ ಓದುಗರ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ವಿಷಯದ ಮೇಲಿವೆ: ಆಫ್ರಿಕಾದ ಕಾದಂಬರಿಗಳಲ್ಲಿ ಅಪ್ಪ, ಅಮ್ಮ, ಮಕ್ಕಳು. ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ನನ್ನ ಮಗ ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಓದಿ ಮುಗಿಸಿ, ‘ಇಂಥ ಅಪ್ಪ ಜೈಲಲ್ಲಿರಬೇಕು’ ಅಂದ. ಹೆಂಡತಿ ಮಕ್ಕಳನ್ನು ಹೊಡೆಯುತ್ತಾನೆ, ಮನೆಯಲ್ಲಿ ಸಾಕಿದ ಹುಡುಗನನ್ನೇ ಕಡಿಯುತ್ತಾನೆ. ನನಗೂ ಉತ್ತರ ತೋಚಲಿಲ್ಲ. ಅಲ್ಲಿಯ ಕಾದಂಬರಿಗಳಲ್ಲಿ ಅಪ್ಪಂದಿರೆಲ್ಲ ಹೀಗೆಯೇ?
— ಡೊಂಬಿವಲಿಯ ಒಬ್ಬ ತಾಯಿ

ಉತ್ತರ: ನಿಮ್ಮ ಮಗ ತಪ್ಪೇನೂ ಹೇಳಿಲ್ಲ. ಒಕೊಂಕ್ವೊ ಮಾಡಿದ್ದು ಘೋರ. ಅದನ್ನು ‘ಅವರ ಪದ್ಧತಿ’ ಎಂದು ತೇಲಿಸಿಬಿಡಬೇಡಿ, ಏಕೆಂದರೆ ಕಾದಂಬರಿಯೂ ತೇಲಿಸುವುದಿಲ್ಲ. ಏಳನೇ ಅಧ್ಯಾಯದಲ್ಲಿ ಊರಿನ ಹಿರಿಯ ಎಜೆಉಡು ಮನೆಗೇ ಬಂದು, ಆ ಹುಡುಗ ನಿನ್ನನ್ನು ಅಪ್ಪ ಅನ್ನುತ್ತಾನೆ, ಅವನ ಸಾವಿನಲ್ಲಿ ನೀನು ಕೈ ಹಾಕಬೇಡ ಎಂದು ಹೇಳಿಹೋಗುತ್ತಾನೆ. ಅಂದರೆ ದೂರ ಉಳಿಯುವ ದಾರಿ ಆ ಸಮಾಜದೊಳಗೇ ಇತ್ತು. ಒಕೊಂಕ್ವೊ ಅದನ್ನು ಹಿಡಿಯಲಿಲ್ಲ.

ಏಕೆ ಹಿಡಿಯಲಿಲ್ಲ ಎಂಬುದಕ್ಕೆ ಮಗನನ್ನು ಒಂದನೇ ಅಧ್ಯಾಯಕ್ಕೆ ವಾಪಸು ಕರೆದುಕೊಂಡು ಹೋಗಿ. ಅಲ್ಲಿ ಅಜ್ಜ ಉನೋಕಾ ಇದ್ದಾನೆ. ಕೊಳಲು ಬಾರಿಸುವವನು, ಮಾತುಗಾರ, ಮೈಗಳ್ಳ, ಊರೆಲ್ಲ ಸಾಲ ಮಾಡಿಕೊಂಡವನು. ಇನ್ನೂರು ಕವಡೆ ವಾಪಸು ಕೇಳಲು ಬಂದ ನೆರೆಯವನಿಗೆ ಅವನು ಗೋಡೆ ತೋರಿಸುತ್ತಾನೆ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳು, ಒಂದೊಂದು ಗೆರೆಗೆ ನೂರು ಕವಡೆ. ದೊಡ್ಡ ಸಾಲ ಮೊದಲು ತೀರಿಸುತ್ತೇನೆ, ನಿನ್ನದು ಆಮೇಲೆ ಅನ್ನುತ್ತಾನೆ. ಆಟದಲ್ಲಿ ಜೊತೆಯ ಹುಡುಗನೊಬ್ಬ ‘ನಿನ್ನಪ್ಪ ಅಗ್ಬಾಲಾ’ ಎಂದಾಗ ಮಗ ಒಕೊಂಕ್ವೊಗೆ ಆ ಪದದ ಇನ್ನೊಂದು ಅರ್ಥ ತಿಳಿಯುತ್ತದೆ: ಹೆಂಗಸು, ಜೊತೆಗೆ ಬಿರುದು ಬಾವಲಿ ಇಲ್ಲದ ಗಂಡಸು. ಆ ಒಂದು ಮಾತು ಜೀವಮಾನವಿಡೀ ಅವನೊಳಗೆ ಮುರಿದ ಮುಳ್ಳಿನ ಹಾಗೆ ಉಳಿದುಬಿಡುತ್ತದೆ. ಅಪ್ಪನಿಗೆ ಪ್ರಿಯವಾದದ್ದೆಲ್ಲ ಅವನಿಗೆ ಬೇಡ. ಕೊಳಲು ಬೇಡ, ಮೆದುಮಾತು ಬೇಡ, ಕಣ್ಣೀರು ಬೇಡ.

ಈಗ ಏಳನೇ ಅಧ್ಯಾಯದ ಕೊನೆಯ ಪುಟಗಳನ್ನು ಮತ್ತೊಮ್ಮೆ ಓದಿ. ಇಕೆಮೆಫುನಾ ಮೂರು ವರ್ಷ ಆ ಮನೆಯಲ್ಲಿ ಉಂಡು ಬೆಳೆದ ಹುಡುಗ. ತಲೆಯ ಮೇಲೆ ಹೆಂಡದ ಮಡಕೆ ಹೊತ್ತು ಕಾಡಿನ ದಾರಿಯಲ್ಲಿ ನಡೆಯುತ್ತಿದ್ದಾನೆ. ತಾಯಿ ಇದ್ದಾಳೋ ಇಲ್ಲವೋ ಎಂದು ಮಕ್ಕಳ ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೊಂಡು, ಹಾಡು ಮುಗಿಯುವಾಗ ಯಾವ ಕಾಲು ಮುಂದಿದೆ ಎಂದು ಶಕುನ ನೋಡುತ್ತಿದ್ದಾನೆ. ಹಿಂದಿನಿಂದ ಏಟು ಬೀಳುತ್ತದೆ, ಮಡಕೆ ಒಡೆಯುತ್ತದೆ, ‘ಅಪ್ಪಾ’ ಎಂದು ಕೂಗಿ ಒಕೊಂಕ್ವೊನ ಕಡೆಗೇ ಓಡಿಬರುತ್ತಾನೆ. ಒಕೊಂಕ್ವೊ ಮಚ್ಚು ಎತ್ತುತ್ತಾನೆ. ಅಚೆಬೆ ಕೊಡುವ ಕಾರಣ ಒಂದೇ ಸಾಲಿನದು: ದುರ್ಬಲ ಅನ್ನಿಸಿಕೊಂಡೇನು ಎಂಬ ಭಯ. ಆ ಭಯ ಬಂದದ್ದು ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳಿಂದ. ಅದು ಹೋಗುವುದು ಮಗ ನ್ವೊಯೆಗೆ. ರಾತ್ರಿ ಅಪ್ಪ ಮನೆಗೆ ಬಂದಾಗ ಏನಾಗಿದೆಯೆಂದು ಹೇಳದೆಯೇ ಹುಡುಗನಿಗೆ ಗೊತ್ತಾಗುತ್ತದೆ. ಬಿಗಿದ ಬಿಲ್ಲಿನ ಹೆದೆ ಹರಿದಂತೆ ಒಳಗೇನೋ ಹರಿಯುತ್ತದೆ. ಮುಂದೆ ಅವನು ಕ್ರೈಸ್ತರ ಜೊತೆ ಸೇರಿ ಐಸಾಕ್ ಎಂದು ಹೆಸರಿಟ್ಟುಕೊಂಡದ್ದಕ್ಕೆ ಬೀಜ ಬಿದ್ದದ್ದು ಆ ರಾತ್ರಿ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಒಂದು ಹಾಳೆಯನ್ನು ಅಡ್ಡಡ್ಡ ಮೂರು ಪಟ್ಟಿಯಾಗಿ ಮಡಚಿ. ಮೇಲಿನದರಲ್ಲಿ ಅಜ್ಜ, ನಡುವೆ ಅಪ್ಪ, ಕೆಳಗೆ ಮಗ. ಪ್ರತಿಯೊಬ್ಬರ ಹೆಸರಿನ ಮುಂದೆ ಮೂರೇ ಉತ್ತರ ಬರೆಯಲಿ: ಇವನಿಗೆ ಯಾವುದರ ಭಯ? ಯಾವುದರಲ್ಲಿ ಸುಖ? ಇವನು ಕೇಳಿಸಿಕೊಳ್ಳದೆ ಹೋದ ಮಾತು ಯಾವುದು? ಮೂರನೆಯದು ಕಷ್ಟ, ಆದರೆ ಕಾದಂಬರಿಯ ತಿರುಳು ಅಲ್ಲಿದೆ. ಮೂರನೇ ಅಧ್ಯಾಯದಲ್ಲಿ ಬೆಳೆಯೆಲ್ಲ ಹಾಳಾದ ವರ್ಷ ಉನೋಕಾ ಮಗನಿಗೆ ಧೈರ್ಯ ಹೇಳುತ್ತಾನೆ. ಎಲ್ಲರ ಜೊತೆ ಸೋತರೆ ತಡೆದುಕೊಳ್ಳಬಹುದು, ಒಬ್ಬಂಟಿಯಾಗಿ ಸೋಲುವುದು ಕಹಿ ಎಂಬರ್ಥದ ಮಾತು. ಇಡೀ ಪುಸ್ತಕದಲ್ಲಿ ಒಕೊಂಕ್ವೊಗೆ ಅತ್ಯಂತ ಬೇಕಾಗಿದ್ದ ಬುದ್ಧಿಮಾತು ಅದು. ಅವನಿಗೆ ಕೇಳುವ ತಾಳ್ಮೆಯೇ ಇರಲಿಲ್ಲ.

ಇನ್ನು ಹುಡುಗರು ಸಾಮಾನ್ಯವಾಗಿ ಹಾರಿಸಿ ಓದುವ ಜಾಗ ಹನ್ನೊಂದನೇ ಅಧ್ಯಾಯ. ಪೂಜಾರಿಣಿ ಚಿಯೆಲೊ ನಡುರಾತ್ರಿ ಒಕೊಂಕ್ವೊನ ಮಗಳು ಎಜಿನ್ಮಾಳನ್ನು ಬೆನ್ನಮೇಲೆ ಹೊತ್ತುಕೊಂಡು ಹೋಗುತ್ತಾಳೆ. ತಾಯಿ ಎಕ್ವೆಫಿ ಕತ್ತಲಲ್ಲಿ ಹಿಂಬಾಲಿಸುತ್ತಾಳೆ. ಗುಹೆಯ ಬಾಯಲ್ಲಿ ನಿಂತಾಗ ಹಿಂದೆ ಯಾರೋ ಬಂದ ಸದ್ದು. ಮಚ್ಚು ಹಿಡಿದ ಒಕೊಂಕ್ವೊ, ಮಗಳಿಗಾಗಿ ಬಂದವನು. ಅದೇ ಮಚ್ಚು, ಅದೇ ಕೈ. ಈ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಮಗನನ್ನು ಮತ್ತೊಮ್ಮೆ ಕೇಳಿ.

ಅಪ್ಪಂದಿರೆಲ್ಲ ಹೀಗೆಯೇ ಅಂದಿರಲ್ಲ, ಖಂಡಿತ ಇಲ್ಲ. ಅಚೆಬೆ ಬರೆದದ್ದು ಇಂದಿನ ನೈಜೀರಿಯಾದ ಇಗ್ಬೋ ಜನರ ಬಗ್ಗೆ, ಹತ್ತೊಂಬತ್ತನೇ ಶತಮಾನದ ಕೊನೆಯ ಕಾಲದ ಬಗ್ಗೆ. ಆ ಊರಲ್ಲೇ ಒಕೊಂಕ್ವೊನ ಗೆಳೆಯ ಒಬಿಯೆರಿಕಾ ಇದ್ದಾನೆ. ಅವನೂ ಅಪ್ಪನೇ, ಅವನ ಮನೆಯಲ್ಲಿ ಇಂಥ ಭಯವಿಲ್ಲ.

ಪ್ರಶ್ನೆ: ‘ಒಂದು ಮಗು ಬೆಳೆಸಲು ಇಡೀ ಊರೇ ಬೇಕು’ ಎಂಬ ಆಫ್ರಿಕಾದ ಗಾದೆಯನ್ನು ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ಪ್ರತಿವರ್ಷ ಹೇಳುತ್ತೇವೆ. ಕಾದಂಬರಿಗಳು ಇದನ್ನು ಒಪ್ಪುತ್ತವೆಯೇ?
— ಮಡಗಾಂವ್‌ನ ಶಿಕ್ಷಕಿ

ಉತ್ತರ: ಅರ್ಧ ಒಪ್ಪುತ್ತವೆ. ಆ ಇನ್ನರ್ಧವನ್ನೂ ಸಭೆಯಲ್ಲಿ ಹೇಳಬೇಕು.

ಬುಚಿ ಎಮೆಚೆಟಾ 1979ರಲ್ಲಿ ಬರೆದ ‘ದ ಜಾಯ್ಸ್ ಆಫ್ ಮದರ್‌ಹುಡ್’ ತೆಗೆದುಕೊಳ್ಳಿ. ಕಥೆ ತೆರೆಯುವುದು 1934ರ ಲೇಗೋಸ್‌ನಲ್ಲಿ. ನ್ನು ಈಗೊ ಎಂಬ ತಾಯಿ ಬೆಳಗಿನ ಜಾವ ಹುಚ್ಚು ಹಿಡಿದವಳಂತೆ ಓಡುತ್ತಿದ್ದಾಳೆ. ಎದೆಹಾಲು ಸೋರಿ ಕುಪ್ಪಸ ಒದ್ದೆಯಾಗಿದೆ. ಕೂಸು ಸತ್ತಿದೆ. ಕಾರ್ಟರ್ ಸೇತುವೆಯಿಂದ ನೀರಿಗೆ ಹಾರಬೇಕೆಂದು ಹೊರಟಿದ್ದಾಳೆ. ಅವಳನ್ನು ಹಿಡಿದು ನಿಲ್ಲಿಸುವವನು ಅವಳ ಊರು ಇಬೂಜಾದವನೇ. ಪರಊರಿನಲ್ಲಿ ಊರವನೊಬ್ಬ ಗುರುತು ಹಿಡಿದ ಕಾರಣ ಜೀವ ಉಳಿಯಿತು. ಇಲ್ಲಿಯವರೆಗೆ ನಿಮ್ಮ ಗಾದೆ ಸರಿ. ಆದರೆ ಮುಂದಿನ ಸಾಲುಗಳನ್ನು ನೋಡಿ. ಇವಳು ಹುಚ್ಚಿಯಲ್ಲ, ಬಂಜೆಯಲ್ಲ ಎಂದು ಲೋಕಕ್ಕೆ ತೋರಿಸಿದ ಕೂಸನ್ನು ಕಳೆದುಕೊಂಡಿದ್ದಾಳೆ ಎಂದು ಅವನು ಹೇಳಿದಾಗ, ಸೇರಿದ ಜನ ಒಪ್ಪಿ ತಲೆದೂಗುತ್ತಾರೆ. ಮಕ್ಕಳಿಲ್ಲದ ಹೆಂಗಸು ಸೋತ ಹೆಂಗಸು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅವಳನ್ನು ಸೇತುವೆಗೆ ಓಡಿಸಿದ ನಂಬಿಕೆ ಅದೇ. ಕಾಪಾಡಿದ ಊರೂ ದಬ್ಬಿದ ಊರೂ ಒಂದೇ.

ಎಮೆಚೆಟಾ ತೋರಿಸುವ ಇನ್ನೊಂದು ಸಂಗತಿ ಲೆಕ್ಕಕ್ಕೆ ಸಂಬಂಧಿಸಿದ್ದು. ಹಳ್ಳಿಯಲ್ಲಿ ಮಕ್ಕಳೆಂದರೆ ಹೊಲಕ್ಕೆ ಕೈಗಳು, ಮುಪ್ಪಿಗೆ ಆಸರೆ. ಲೇಗೋಸ್‌ನಲ್ಲಿ ಹೊಲವಿಲ್ಲ, ಒಂದೇ ಕೋಣೆ, ಬಾಡಿಗೆ, ಸ್ಕೂಲ್ ಫೀಸು. ಗಂಡ ಬಿಳಿಯರ ಮನೆಯಲ್ಲಿ ಬಟ್ಟೆ ಒಗೆಯುತ್ತಾನೆ, ಇವಳು ಸಿಗರೇಟು, ಬೆಂಕಿಪೊಟ್ಟಣ, ಸೌದೆ ಮಾರಿ ಮನೆ ತೂಗಿಸುತ್ತಾಳೆ. ಸಾಕುವ ಖರ್ಚು ನಗರದ್ದು, ಮಕ್ಕಳಿಂದ ಇಟ್ಟುಕೊಂಡ ನಿರೀಕ್ಷೆ ಹಳ್ಳಿಯದು. ದುರಂತ ಈ ಎರಡರ ನಡುವೆ ಇದೆ. ಹಿರಿಯ ಮಗ ಅಮೆರಿಕಕ್ಕೆ ಹೋಗುತ್ತಾನೆ, ಕಿರಿಯವನು ಕೆನಡಾಕ್ಕೆ. ತಾಯಿ ದಾರಿಬದಿಯಲ್ಲಿ ಒಬ್ಬಳೇ ಸಾಯುತ್ತಾಳೆ, ಆಮೇಲೆ ಅದ್ಧೂರಿ ಉತ್ತರಕ್ರಿಯೆ ನಡೆಯುತ್ತದೆ. ಅವಳ ಹೆಸರಲ್ಲಿ ಗುಡಿಯನ್ನೂ ಕಟ್ಟುತ್ತಾರೆ. ಮಕ್ಕಳ ಫಲ ಬೇಡಿ ಬಂದವರಿಗೆ ಮಾತ್ರ ಅವಳು ಎಂದೂ ವರ ಕೊಡುವುದಿಲ್ಲ.

ಪಾಲಕರ ಸಭೆಗೆ ಒಂದು ಸುಲಭದ ಪಾಠ ಬೇಕಿದ್ದರೆ ಈ ಕಾದಂಬರಿಯ ಅಧ್ಯಾಯಗಳ ಹೆಸರುಗಳನ್ನಷ್ಟೇ ಹಲಗೆಯ ಮೇಲೆ ಬರೆಯಿರಿ. ಒಟ್ಟು ಹದಿನೆಂಟು. ಒಂದನೆಯದು ‘ತಾಯಿ’, ಎರಡನೆಯದು ‘ತಾಯಿಯ ತಾಯಿ’, ಒಂಬತ್ತನೆಯದು ‘ತಾಯಿಯ ಹೂಡಿಕೆ’, ಕೊನೆಯದು ‘ಸಂತಳಾದ ತಾಯಿ’. ಹೂಡಿಕೆ ಎಂಬ ಪದದ ಮೇಲೆ ಅರ್ಧ ಗಂಟೆ ಮಾತಾಡಬಹುದು. ಇಲ್ಲೂ ಎರಡನೇ ಅಧ್ಯಾಯ ಬಿಡಬೇಡಿ. ತಾಯಿಯನ್ನು ಅರಿಯಲು ಅಜ್ಜಿ ಓನಾಳಿಂದ ಶುರು ಮಾಡಬೇಕು.

ಪ್ರಶ್ನೆ: ‘ಥಿಂಗ್ಸ್ ಫಾಲ್ ಅಪಾರ್ಟ್’ನ ಎಕ್ವೆಫಿಯ ಸತ್ತ ಮಕ್ಕಳ ಹೆಸರುಗಳು ವಿಚಿತ್ರವಾಗಿವೆ. ಸತ್ತು ಸತ್ತು ಹುಟ್ಟುವ ಮಗು ಎಂಬುದನ್ನು ಕನ್ನಡದಲ್ಲಿ ಹೇಗೆ ಅರ್ಥ ಮಾಡಿಕೊಳ್ಳಬೇಕು? ‘ತಾಯಿಯೇ ದೊಡ್ಡವಳು’ ಎಂಬ ಹೆಸರಿನ ಬಗ್ಗೆಯೂ ತಿಳಿಸಿ.
— ಮಾಟುಂಗಾ

ಉತ್ತರ: ಎಕ್ವೆಫಿ ಹತ್ತು ಹೆತ್ತವಳು, ಒಂಬತ್ತು ಕಳೆದುಕೊಂಡವಳು. ಹೆಸರುಗಳು ಅವಳ ನಿಟ್ಟುಸಿರು. ಒಂದು ಮಗುವಿಗೆ ಒನ್ವುಂಬಿಕೊ, ಅಂದರೆ ‘ಸಾವೇ, ಬೇಡಿಕೊಳ್ಳುತ್ತೇನೆ’. ಇನ್ನೊಂದಕ್ಕೆ ಒಜೋಎಮೆನಾ, ‘ಇದು ಮತ್ತೆ ಆಗದಿರಲಿ’. ಮತ್ತೊಂದಕ್ಕೆ ಒನ್ವುಮಾ, ‘ಸಾವು ಬೇಕಾದ್ದು ಮಾಡಿಕೊಳ್ಳಲಿ’. ಬೇಡಿಕೆ ಹೋಗಿ ಸವಾಲು ಬಂತು, ನೋಡಿ. ಒಗ್ಬಾಂಜೆ ಅಂದರೆ ಸತ್ತು ಮತ್ತೆ ಅದೇ ತಾಯಿಯ ಹೊಟ್ಟೆಗೆ ಬಂದು ಕಾಡುವ ಮಗು ಎಂಬ ನಂಬಿಕೆ. ಅದು ಎಲ್ಲೋ ಹೂತಿಟ್ಟ ‘ಇಯಿ-ಉವಾ’ ಎಂಬ ಕಲ್ಲನ್ನು ಅಗೆದು ತೆಗೆದರೆ ಕೊಂಡಿ ಕಳಚುತ್ತದೆ, ಮಗು ಉಳಿಯುತ್ತದೆ. ಒಂಬತ್ತನೇ ಅಧ್ಯಾಯದಲ್ಲಿ ಎಜಿನ್ಮಾ ದೊಡ್ಡವರನ್ನೆಲ್ಲ ಅಲ್ಲಿ ಇಲ್ಲಿ ಸುತ್ತಿಸಿ ಕೊನೆಗೆ ಮನೆಯಂಗಳದಲ್ಲೇ ಜಾಗ ತೋರಿಸುವ ಭಾಗ ಅದ್ಭುತವಾಗಿದೆ.

ಕನ್ನಡದವರಿಗೆ ಇದು ದೂರದ್ದಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದದ್ದು, ಗುಂಡ ಎಂದು ಕರೆಯುತ್ತಿದ್ದದ್ದು ಇದೇ ಸಂಕಟದಿಂದ. ಆದರೆ ಒಂದು ವ್ಯತ್ಯಾಸ ಗಮನಿಸಿ. ನಮ್ಮಲ್ಲಿ ಸಾವಿಗೆ ಈ ಕೂಸು ಬೇಡದ ವಸ್ತು ಎಂದು ನಂಬಿಸುತ್ತಾರೆ. ಅಲ್ಲಿ ಕೂಸನ್ನೇ ಅನುಮಾನಿಸುತ್ತಾರೆ. ಅನುವಾದ ಮಾಡುವವರು ‘ತಿಪ್ಪ’ ಎಂದು ಹಾಕಿಬಿಟ್ಟರೆ ಆ ಅನುಮಾನ ಕಾಣೆಯಾಗುತ್ತದೆ. ಒಗ್ಬಾಂಜೆ ಎಂದೇ ಉಳಿಸುವುದು ಲೇಸು.

ಎರಡನೆಯದು ‘ನ್ನೆಕಾ’, ಹದಿನಾಲ್ಕನೇ ಅಧ್ಯಾಯ. ಏಳು ವರ್ಷದ ಗಡೀಪಾರು ಅನುಭವಿಸಲು ತಾಯಿಯ ಊರಿಗೆ ಬಂದು ಮಂಕಾದ ಒಕೊಂಕ್ವೊನನ್ನು ಸೋದರಮಾವ ಉಚೆಂಡು ಎಲ್ಲರೆದುರು ಕೂರಿಸಿ ಕೇಳುತ್ತಾನೆ: ಮನೆಯ ಯಜಮಾನ ಗಂಡಸು, ಆದರೂ ನಾವೇಕೆ ಹೆಣ್ಣುಮಕ್ಕಳಿಗೆ ‘ತಾಯಿಯೇ ದೊಡ್ಡವಳು’ ಎಂದು ಹೆಸರಿಡುತ್ತೇವೆ? ಉತ್ತರವನ್ನೂ ಅವನೇ ಕೊಡುತ್ತಾನೆ. ಅಪ್ಪ ಹೊಡೆದರೆ ಮಗು ಅಮ್ಮನ ಗುಡಿಸಲಿಗೆ ಓಡುತ್ತದೆ. ಸುಖದಲ್ಲಿ ಅಪ್ಪನ ಊರು, ದುಃಖದಲ್ಲಿ ಅಮ್ಮನ ಊರು. ತಾನು ಇಪ್ಪತ್ತೆರಡು ಮಕ್ಕಳನ್ನು ಮಣ್ಣು ಮಾಡಿದ್ದೇನೆ, ಆದರೂ ನೇಣು ಹಾಕಿಕೊಳ್ಳಲಿಲ್ಲ ಎಂದೂ ಹೇಳುತ್ತಾನೆ. ‘ತವರು’ ಎಂಬ ಪದ ನಮ್ಮಲ್ಲಿ ಹೆಣ್ಣಿಗೆ ಮಾತ್ರ, ಇಲ್ಲಿ ಗಂಡಸಿಗೂ ತವರಿದೆ. ಅಳಿಯಕಟ್ಟು ಕಂಡ ತುಳುನಾಡಿನವರಿಗೆ ಮಾವನ ಈ ಅಧಿಕಾರ ತಟ್ಟನೆ ಅರ್ಥವಾಗುತ್ತದೆ. ಎರಡನ್ನೂ ಒಂದೇ ಎಂದು ಮಾತ್ರ ತಿಳಿಯಬೇಡಿ. ಒಕೊಂಕ್ವೊನ ಊರು ಉಮುಓಫಿಯಾದಲ್ಲಿ ಹೆಸರು, ಭೂಮಿ ಎಲ್ಲ ಅಪ್ಪನ ಕಡೆಯಿಂದಲೇ ಬರುತ್ತದೆ, ತಾಯಿಯ ಊರು ಆಸರೆಯ ಜಾಗ ಮಾತ್ರ.

ಪ್ರಶ್ನೆ: ಹದಿಮೂರರ ಮಗಳು ಅಡಿಚಿಯ ‘ಪರ್ಪಲ್ ಹೈಬಿಸ್ಕಸ್’ ಕೇಳುತ್ತಿದ್ದಾಳೆ. ಕೊಡಬಹುದೇ?
— ಕೊತ್ರೂಡ್, ಪುಣೆ

ಉತ್ತರ: ಎರಡು ವರ್ಷ ಕಾಯುವುದು ಒಳ್ಳೆಯದು. ಈಗಲೇ ಓದುತ್ತೇನೆ ಎಂದು ಹಟ ಹಿಡಿದರೆ ಒಬ್ಬಳನ್ನೇ ಬಿಡದೆ ನೀವೂ ಜೊತೆಗೆ ಓದಿ. 2003ರ ಈ ಕಾದಂಬರಿಯಲ್ಲಿ ಅಪ್ಪ ಯೂಜೀನ್ ಊರಿಗೆ ಉಪಕಾರಿ, ಸರ್ವಾಧಿಕಾರಕ್ಕೆ ಹೆದರದ ಪತ್ರಿಕೆಯ ಒಡೆಯ, ಮಹಾ ದೈವಭಕ್ತ. ಮನೆಯೊಳಗೆ ಮಕ್ಕಳಿಗೆ ನಿಮಿಷ ನಿಮಿಷದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವವನು. ಕ್ರೈಸ್ತನಾಗದ ಅಜ್ಜನ ಜೊತೆ ಒಂದೇ ಸೂರಿನಡಿ ಇದ್ದಳೆಂದು ಮಗಳು ಕಾಂಬಿಲಿಯ ಪಾದಗಳ ಮೇಲೆ ಕುದಿಯುವ ನೀರು ಸುರಿಯುತ್ತಾನೆ, ಸುರಿಯುತ್ತಾ ತಾನೂ ಅಳುತ್ತಾನೆ. ಹೆಂಡತಿಗೆ ಹೊಡೆದು ಗರ್ಭ ಹೋಗುವ ಪ್ರಸಂಗವಿದೆ, ಕೊನೆಯಲ್ಲಿ ಚಹಾದಲ್ಲಿ ವಿಷವಿದೆ. ಹದಿಮೂರಕ್ಕೆ ಇದು ಭಾರ.

ಜೊತೆಗೆ ಓದುವಾಗ ಒಂದು ಜಾಗದಲ್ಲಿ ನಿಲ್ಲಿ. ಬಿಸಿನೀರಿನ ಶಿಕ್ಷೆಯ ನಂತರ ಯೂಜೀನ್ ಮಗಳಿಗೆ ತನ್ನ ಬಾಲ್ಯದ ಸಂಗತಿ ಹೇಳುತ್ತಾನೆ: ಶಾಲೆಗೆ ಹೋಗುತ್ತಿದ್ದಾಗ ಪಾದ್ರಿಯೊಬ್ಬರು ಚಹಾಕ್ಕೆಂದು ಅವನಿಂದಲೇ ನೀರು ಕಾಯಿಸಿ, ಬೋಗುಣಿಗೆ ಸುರಿದು, ಅದರಲ್ಲಿ ಅವನ ಕೈ ಅದ್ದಿಸಿದ್ದರು. ಅದು ತನ್ನ ಒಳ್ಳೆಯದಕ್ಕೇ ಎಂದು ಅವನು ಇಂದಿಗೂ ನಂಬಿದ್ದಾನೆ. ಬೋಗುಣಿಯ ನೀರು ಒಂದು ತಲೆಮಾರು ದಾಟಿ ಸ್ನಾನದ ತೊಟ್ಟಿಗೆ ಬಂದಿದೆ. ಓದುವವರು ಇಲ್ಲಿ ಎಡವುವುದು ಎರಡು ಬಗೆಯಲ್ಲಿ. ಒಂದು, ಅವನೂ ನೊಂದವನಲ್ಲವೇ ಎಂದು ಕ್ಷಮಿಸಿಬಿಡುವುದು. ಇನ್ನೊಂದು, ರಾಕ್ಷಸ ಎಂದು ಮುಚ್ಚಿಬಿಡುವುದು. ಕಾರಣ ತಿಳಿದ ಮಾತ್ರಕ್ಕೆ ತಪ್ಪು ತಪ್ಪಲ್ಲವಾಗುವುದಿಲ್ಲ, ಇದನ್ನು ಮಗಳಿಗೆ ಬಾಯಿಬಿಟ್ಟು ಹೇಳಿ.

ಎನ್ಸುಕಾದಲ್ಲಿ ಸೋದರತ್ತೆ ಇಫೆಓಮಾಳ ಮನೆಯ ಭಾಗಗಳನ್ನು ಗಟ್ಟಿಯಾಗಿ ಓದಿ. ನೀರಿಗೆ ತತ್ವಾರ, ಪೆಟ್ರೋಲಿಗೆ ತತ್ವಾರ, ಸೀಮೆಎಣ್ಣೆ ಸ್ಟವ್, ಆದರೆ ಊಟದ ಹೊತ್ತಿಗೆ ಮಕ್ಕಳು ತಾಯಿಯ ಜೊತೆ ವಾದ ಮಾಡುತ್ತಾರೆ, ನಗುತ್ತಾರೆ. ಅಲ್ಲಿಗೆ ಬಂದ ಕಾಂಬಿಲಿಗೆ ಮಾತೇ ಹೊರಡುವುದಿಲ್ಲ. ಅವಳ ದನಿ ಯಾವ ಪುಟದಲ್ಲಿ ಹೊರಡುತ್ತದೆ, ನಗು ಯಾವ ಪುಟದಲ್ಲಿ ಬರುತ್ತದೆ ಎಂದು ಮಗಳು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಲಿ. ಓದುತ್ತಾ ಮಗುವೊಂದು ‘ನನ್ನ ಗೆಳತಿಯ ಮನೆಯಲ್ಲೂ ಹೀಗೇ’ ಎಂದರೆ ಪುಸ್ತಕ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098, ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಬಳಗದಲ್ಲಿ ಹತ್ತು ಜನ ತಂದೆ ತಾಯಂದಿರು ಸೇರಿ ಈ ಕಾದಂಬರಿಗಳನ್ನು ಓದಬೇಕೆಂದಿದ್ದೇವೆ. ಯಾವ ಕ್ರಮ, ಎಷ್ಟು ಸಮಯ? ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಬಿಟ್ಟು ಹಿಂದಿ, ಮರಾಠಿ, ಇಂಗ್ಲಿಷಿನಲ್ಲೇ ಉತ್ತರಿಸುತ್ತಾರೆ. ಆ ವಿಷಯವೂ ಇರುವ ಪುಸ್ತಕ ಇದ್ದರೆ ಹೇಳಿ.
— ಚಿಂಚವಡ

ಉತ್ತರ: ನಿಮ್ಮ ಪುಸ್ತಕ ಸಿಟ್ಸಿ ಡಂಗರೆಂಬ್ಗಾ 1988ರಲ್ಲಿ ತಂದ ‘ನರ್ವಸ್ ಕಂಡಿಷನ್ಸ್’, ಆಗ ರೊಡೇಷಿಯಾ ಎನ್ನುತ್ತಿದ್ದ ಜಿಂಬಾಬ್ವೆಯ ಕಥೆ. ಅಣ್ಣ ಸತ್ತಾಗ ನನಗೆ ದುಃಖವಾಗಲಿಲ್ಲ ಎಂದು ತಂಬು ಎಂಬ ಹುಡುಗಿ ಮೊದಲ ಸಾಲಿನಲ್ಲೇ ಹೇಳುತ್ತಾಳೆ. ಗಾಬರಿಯಾಗದೆ ಮುಂದೆ ಓದಿ. ಫೀಸಿಗೆ ಹಣವಿಲ್ಲವೆಂದಾಗ ಅವಳು ತಾನೇ ಮೆಕ್ಕೆಜೋಳ ಬೆಳೆಯುತ್ತಾಳೆ, ಅಣ್ಣ ತೆನೆ ಕದ್ದು ಹಂಚುತ್ತಾನೆ. ಆ ಅಣ್ಣ ನ್ಹಾಮೊ ಮಿಷನ್ ಶಾಲೆಗೆ ಹೋಗಿ ಬಂದ ಮೇಲೆ ಶೋನಾ ಭಾಷೆ ಮರೆತುಬಿಟ್ಟೆ ಅನ್ನುತ್ತಾನೆ. ತನಗೆ ಬೇಕಾದ ವಿಷಯ ಬಂದಾಗ ಮಾತ್ರ ಶೋನಾ ವಾಪಸು ಬರುತ್ತದೆ. ತಾಯಿಗೆ ಮಗ ಓದಬೇಕೆಂಬ ಆಸೆಯಿದೆ, ಅದಕ್ಕಿಂತ ಅವನ ಜೊತೆ ಮಾತಾಡಬೇಕೆಂಬ ಆಸೆ ದೊಡ್ಡದು. ಪರಊರಿನಲ್ಲಿ ಮಕ್ಕಳನ್ನು ಬೆಳೆಸುವ ನಮ್ಮವರ ಮನಸ್ಸಿನ ಮಾತೇ ಅದು. ಇನ್ನೊಂದು ಮನೆಯಲ್ಲಿ ದೊಡ್ಡಪ್ಪ ಬಾಬಾಮುಕುರು, ಕುಟುಂಬದ ಎಲ್ಲರ ಭಾರ ಹೊತ್ತ ಹೆಡ್‌ಮಾಸ್ಟರು. ಇಂಗ್ಲೆಂಡಿನಲ್ಲಿ ಬೆಳೆದು ಬಂದ ಅವನ ಮಗಳು ನ್ಯಾಷಾ ಅಪ್ಪನಿಗೆ ಎದುರಾಡುತ್ತಾಳೆ, ಕೊನೆಗೆ ಊಟವನ್ನೇ ಬಿಟ್ಟು ಕೃಶವಾಗುತ್ತಾಳೆ. ಬಾಬಾಮುಕುರು ಒಂಬತ್ತು ವರ್ಷದವನಿದ್ದಾಗ ಅವನ ತಾಯಿ ಮಿಷನ್ನಿನವರಿಗೆ ಒಪ್ಪಿಸಿ ಬಂದಿದ್ದಳು. ಆ ಒಂದು ಪ್ಯಾರಾ ಓದದೆ ಅವನ ಮೇಲೆ ತೀರ್ಪು ಕೊಡಬೇಡಿ.

ಕ್ರಮವನ್ನು ಕಥೆ ನಡೆಯುವ ಕಾಲದಂತೆ ಇಟ್ಟುಕೊಳ್ಳಿ: ಅಚೆಬೆ, ಎಮೆಚೆಟಾ, ಡಂಗರೆಂಬ್ಗಾ, ಸೆನೆಗಲ್‌ನ ಮರಿಯಾಮಾ ಬಾ, ಕೊನೆಗೆ ಅಡಿಚಿ. ಹೀಗೆ ಓದಿದರೆ ಮನೆ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಮೊದಲು ಅಪ್ಪನ ಓಬಿಯ (ಯಜಮಾನನ ಗುಡಿಸಲಿನ) ಹಿಂದೆ ಅರ್ಧಚಂದ್ರದಂತೆ ಹೆಂಡತಿಯರ ಗುಡಿಸಲುಗಳು, ಆಮೇಲೆ ಲೇಗೋಸ್‌ನ ಒಂಟಿ ಕೋಣೆ, ಆಮೇಲೆ ಮಿಷನ್ನಿನ ಬಂಗಲೆ, ಕೊನೆಗೆ ವಿದ್ಯುತ್ ತಂತಿ ಸುತ್ತಿದ ಎತ್ತರದ ಕಾಂಪೌಂಡು. ಮಗು ಎಲ್ಲಿ ಮಲಗುತ್ತದೆ, ಯಾರ ಜೊತೆ ಉಣ್ಣುತ್ತದೆ, ಹೊಡೆತ ಬಿದ್ದಾಗ ಎಲ್ಲಿಗೆ ಓಡುತ್ತದೆ ಎಂದು ಪ್ರತಿ ಪುಸ್ತಕಕ್ಕೂ ಕೇಳಿ. ಅಡಿಚಿಯ ಮನೆಯಲ್ಲಿ ಓಡಲು ಪಕ್ಕದ ಗುಡಿಸಲೇ ಇಲ್ಲ.

ಅಚೆಬೆಯ ಇಪ್ಪತ್ತೈದು ಅಧ್ಯಾಯಗಳು ಮೂರು ಭಾಗದಲ್ಲಿವೆ: ಹದಿಮೂರು, ಆರು, ಆರು. ಮೊದಲ ಭಾಗವನ್ನು ಎರಡು ಕೂಟಗಳಿಗೆ ಹಂಚಿ, ಉಳಿದವಕ್ಕೆ ಒಂದೊಂದು. ಎಮೆಚೆಟಾಗೆ ವಾರಕ್ಕೆ ಆರು ಅಧ್ಯಾಯದಂತೆ ಮೂರು ಕೂಟ. ಡಂಗರೆಂಬ್ಗಾಗೂ ಅಡಿಚಿಗೂ ಮೂರು ಮೂರು. ಬಾ ಬರೆದ ‘ಸೋ ಲಾಂಗ್ ಎ ಲೆಟರ್’ ಚಿಕ್ಕದು, ನೂರು ಪುಟದ ಆಸುಪಾಸು, ಒಂದೇ ಕೂಟಕ್ಕೆ ಸಾಕು. ಒಟ್ಟು ಹದಿನಾಲ್ಕು ವಾರ. ಒಂದು ಕೂಟಕ್ಕೆ ತೊಂಬತ್ತು ನಿಮಿಷ: ಮೊದಲು ಇಪ್ಪತ್ತು ನಿಮಿಷ ಆಯ್ದ ಪುಟಗಳನ್ನು ಗಟ್ಟಿಯಾಗಿ ಓದುವುದು, ಉಳಿದದ್ದು ಮಾತು.

ಕೂಟ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಹೆಸರುಗಳು ಗೊಂದಲವಾಗಿ ಎರಡನೇ ವಾರಕ್ಕೇ ಜನ ಬಿಡುತ್ತಾರೆ. ಮೊದಲ ದಿನವೇ ವಂಶವೃಕ್ಷದ ಹಾಳೆಯನ್ನು ಕನ್ನಡದಲ್ಲಿ ಬರೆದು ಪ್ರತಿ ಮಾಡಿಸಿ ಹಂಚಿ. ಎರಡನೆಯದು, ಹತ್ತನೇ ನಿಮಿಷಕ್ಕೆ ‘ನಮ್ಮಲ್ಲೂ ಹೀಗೇ’ ಶುರುವಾಗಿ ಕಾದಂಬರಿ ಮೂಲೆಗೆ ಬೀಳುತ್ತದೆ. ಹೋಲಿಕೆಯನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಮೀಸಲಿಡಿ. ಹೋಲಿಸುವವರು ವ್ಯತ್ಯಾಸವನ್ನೂ ಒಂದು ಹೇಳಲೇಬೇಕು ಎಂದು ನಿಯಮ ಮಾಡಿ.

ಬಾ ಅವರ ಕೂಟಕ್ಕೆ, ಸಾಧ್ಯವಾದರೆ, ದೊಡ್ಡ ಮಕ್ಕಳನ್ನೂ ಕರೆಯಿರಿ. ಹನ್ನೆರಡು ಮಕ್ಕಳ ತಾಯಿ ರಾಮತುಲಾಯೆ ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನದ ಸೂತಕದಲ್ಲಿ ಕೂತು ಗೆಳತಿಗೆ ಬರೆಯುವ ಪತ್ರ ಅದು. ಮೂವರು ಹೆಣ್ಣುಮಕ್ಕಳು ಸಿಗರೇಟು ಸೇದುವುದು ಕಂಡು ತಾಯಿ ಬೆಚ್ಚುತ್ತಾಳೆ. ಇನ್ನೊಬ್ಬ ಮಗಳು ಮದುವೆಗೆ ಮೊದಲೇ ಬಸುರಿ ಎಂದು ತಿಳಿದಾಗ, ನೆರೆಯ ಫರ್ಮಾತಾ ಈಗ ಗೋಳಾಟ, ಬೈಗುಳ ಶುರುವಾಗುತ್ತದೆ ಎಂದು ಕಾಯುತ್ತಾಳೆ. ರಾಮತುಲಾಯೆ ಮಗಳನ್ನು ತಬ್ಬಿಕೊಳ್ಳುತ್ತಾಳೆ. ಆ ಪುಟವನ್ನು ತಾಯಂದಿರು ಓದುವುದಕ್ಕಿಂತ ಮಕ್ಕಳಲ್ಲೊಬ್ಬರು ಗಟ್ಟಿಯಾಗಿ ಓದಲಿ, ಓದಿ ಮುಗಿಸಿದ ಮೇಲೆ ಎರಡು ನಿಮಿಷ ಯಾರೂ ಮಾತಾಡಬೇಡಿ.